ಹಿಮೋಗ್ಲೋಬಿನ್ ಪರೀಕ್ಷೆಗೆ ಒಂದು ವಾರದ ತಯಾರಿ

ನಾನು ಹೆದರುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲು ಮುಖ ಉಳಿದಿರುವುದಿಲ್ಲ.

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟುಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ದಿನಕ್ಕೆ ನೂರಾರು ಬೋಲ್ಟು ಕೈಗೆತ್ತಿಕೊಂಡು, ಅಳೆದು, ತಿರುಗಿಸಿ ನೋಡಿ, ಒಳ್ಳೆಯದನ್ನು ಒಂದು ಡಬ್ಬಕ್ಕೂ ಕೆಟ್ಟದ್ದನ್ನು ಇನ್ನೊಂದು ಡಬ್ಬಕ್ಕೂ ಹಾಕುತ್ತೇನೆ. ಇಷ್ಟು ವರ್ಷದಲ್ಲಿ ಯಾವ ಬೋಲ್ಟೂ ನನಗೆ ಎದುರು ಮಾತಾಡಿಲ್ಲ. ಈ ಅನುಭವದ ಜೊತೆಗೆ, ತುಮಕೂರಿನಲ್ಲಿ ನನ್ನ ಮಗಳು ಹರ್ಷಿ ಏಳನೇ ಕ್ಲಾಸು ಓದುವ ಶಾಲೆಯ ಪೋಷಕರ ಸಮಿತಿಗೆ ನಾನು ಅಧ್ಯಕ್ಷ. ಚುನಾವಣೆ ಗಿನಾವಣೆ ನಡೆಯಲಿಲ್ಲ. 'ಯಾರು ಆಗ್ತೀರಿ?' ಅಂತ ಹೆಡ್ ಮೇಡಂ ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು. ನಾನು ಫ್ಯಾನು ಯಾಕೆ ತಿರುಗುತ್ತಿಲ್ಲ ಅಂತ ತಲೆ ಎತ್ತಿ ನೋಡುತ್ತಿದ್ದೆ. ಅವಿರೋಧ ಆಯ್ಕೆ!

ಒಂದು ದಿನ ಹೆಡ್ ಮೇಡಂ ಫೋನ್ ಮಾಡಿದರು.

"ಸಾರ್, ಮುಂದಿನ ಶನಿವಾರ ಮಕ್ಕಳ ಆರೋಗ್ಯ ತಪಾಸಣೆ ತಂಡ ಬರ್ತಾ ಇದೆ. ಕಣ್ಣು, ಹಲ್ಲು, ತೂಕ ನೋಡ್ತಾರೆ. ಬೆರಳ ತುದಿಯಿಂದ ಒಂದು ಹನಿ ರಕ್ತ, ಆಮೇಲೆ ಮೂತ್ರ ಪರೀಕ್ಷೆ. ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕಳಿಸ್ಬೇಕು. ಏಳನೇ ಕ್ಲಾಸಿಂದ ಎಷ್ಟು ಬಂದಿದೆ ಹೇಳಿ ನೋಡೋಣ."

"ಎಷ್ಟು ಮೇಡಂ?"

"ಎರಡು. ಒಂದು ನಮ್ಮ ಪಿ.ಟಿ. ಮೇಷ್ಟ್ರದು."

"ಇನ್ನೊಂದು?"

"ಅದಕ್ಕೆ ಹುಡುಗನೇ ಸಹಿ ಹಾಕವ್ನೆ." ಸ್ವಲ್ಪ ತಡೆದು ಅಂದರು, "ನಿಮ್ದೂ ಬಂದಿಲ್ಲ ಸಾರ್."

ಬ್ಯಾಗಿನಲ್ಲಿ ಮರೆತಿರಬೇಕು ಅಂದೆ. ಪೋಷಕರನ್ನು ಕರೆಸಿ, ನಾನು ಮಾತಾಡುತ್ತೇನೆ ಅಂತಲೂ ಅಂದೆ. ಅಲ್ಲಿಂದ ಶುರುವಾಯಿತು ನೋಡಿ!

ಸಭೆಗೆ ಬಂದ ಪೋಷಕರ ತಲೆಯಲ್ಲಿ ಇದ್ದ ಸಂಶಯಗಳನ್ನು ಕೇಳಿ ನನಗೆ ತಲೆ ತಿರುಗಿತು. ಒಂದು ಹನಿ ಅಂತಾರೆ, ಒಳಗೆ ಕರ್ಕೊಂಡು ಹೋಗಿ ಬಾಟ್ಲಿ ತುಂಬಿಸ್ಕೋತಾರೆ ಅಂತ ಒಬ್ಬರು. ಚೆನ್ನಾಗಿರೋ ಮಗುಗೆ ಟೆಸ್ಟು ಯಾಕೆ, ಹುಡುಕಿದ್ರೆ ಏನಾರ ಒಂದು ಸಿಕ್ಕೇ ಸಿಗ್ತದೆ ಅಂತ ಇನ್ನೊಬ್ಬರು. ಕುಣಿಗಲ್ ಕಡೆ ಒಂದು ಶಾಲೆಯಲ್ಲಿ ರಕ್ತ ತೆಗೆದ ಮೇಲೆ ಸಾಲಾಗಿ ಮಕ್ಕಳು ಬಿದ್ದುಹೋದರಂತೆ ಅಂತ ಮೂರನೆಯವರು ವಾಟ್ಸಾಪಿನ ಆಡಿಯೋ ಹಾಕಿ ಕೇಳಿಸಿದರು.

ನಾನು ಬಿಡುತ್ತೇನೆಯೇ? ಅಲ್ಲೇ ಕುಣಿಗಲ್ಲಿನಲ್ಲಿರುವ ನನ್ನ ತಂಗಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. "ಇಲ್ಲೆಲ್ಲಣ್ಣಾ? ಅದು ಗುಬ್ಬಿ ಕಡೆ ಅಂತೆ" ಅಂದಳು. ಗುಬ್ಬಿ ನನ್ನ ಹೆಂಡತಿಯ ಊರು. ಅತ್ತೆಗೆ ಫೋನ್ ಹಚ್ಚಿದೆ. "ಅಯ್ಯೋ, ಗುಬ್ಬೀಲಿ ಅಲ್ಲಪ್ಪ, ಅದು ತುಮಕೂರಲ್ಲಂತೆ! ನೀವು ಹುಷಾರು!" ಅಂದರು. ಸಭೆಯಲ್ಲಿ ನಗು ಎದ್ದಿತು. ಮೂರು ಊರು ಸುತ್ತಿ ಸುದ್ದಿ ನಮ್ಮ ಕಾಲಬುಡಕ್ಕೇ ಬಂದು ಕೂತಿತ್ತು. ಆಗ ನಾನು ಎದ್ದು ನಿಂತು ಮಾಡಿದ ಭಾಷಣ ಇದೆಯಲ್ಲ, ಅದನ್ನು ಯಾರಾದರೂ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಈಗ ಯೋಚಿಸಿದರೆ, ಮಾಡಿಕೊಳ್ಳದೇ ಇದ್ದದ್ದೇ ಒಳ್ಳೆಯದಾಯಿತು.

"ಹೆದರಿಕೆಯೇ ದೊಡ್ಡ ರೋಗ!" ಅಂದೆ. "ಒಂದು ಬೋಲ್ಟನ್ನೂ ಪರೀಕ್ಷೆ ಮಾಡದೆ ಲಾರಿಗೆ ಹಾಕೋದಿಲ್ಲ ನಾವು. ಮಕ್ಕಳನ್ನ ಪರೀಕ್ಷೆ ಮಾಡದೆ ಬಾಳಿಗೆ ಕಳಿಸ್ತೀರಾ?" ಅಂದೆ. ಚಪ್ಪಾಳೆ! ಚಪ್ಪಾಳೆ ಕೇಳಿದ ಮೇಲೆ ನನ್ನ ನಾಲಿಗೆ ನನ್ನ ಹಿಡಿತದಲ್ಲಿ ಇರುವುದಿಲ್ಲ. "ನನ್ನ ಮಗಳೇ ಮೊದಲು! ನಿಮ್ಮೆಲ್ಲರ ಕಣ್ಣೆದುರೇ!" ಅಂದುಬಿಟ್ಟೆ.

ಹಿಂದಿನ ಬೆಂಚಿನಿಂದ ಭಾಗ್ಯಕ್ಕ ಎದ್ದಳು. ನಮ್ಮ ಬೀದಿಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವ ಹೆಂಗಸು. ಅವಳ ಮಗಳು ಪವಿ, ಹರ್ಷಿಯ ಪಕ್ಕದಲ್ಲೇ ಕೂರುವ ಗೆಳತಿ. ಆ ಹುಡುಗಿ ಇತ್ತೀಚೆಗೆ ಶಾಲೆಯ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು ಉಸಿರು ಎಳೆಯುತ್ತಿದ್ದಳು. ಕ್ಲಾಸಿನಲ್ಲಿ ತೂಕಡಿಸುತ್ತಿದ್ದಳು. ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಹೆಚ್ಚು ಭಾಗ್ಯಕ್ಕನಿಗೆ ಗೊತ್ತಿತ್ತು.

"ಏನಾರ ಐತೆ ಅಂತ ಬರ್ದು ಬುಟ್ರೆ ಏನಣ್ಣ ಮಾಡೋದು?" ಅಂದಳು. "ಹೆಣ್ಣು ಮಗ. ಕಾಯಿಲೆ ಹುಡ್ಗಿ ಅಂತ ಹೆಸ್ರು ಬಂದ್ರೆ ಅಳಿಸಕ್ಕಾಯ್ತದಾ?"

"ಭಾಗ್ಯಕ್ಕ, ನಾನಿದೀನಿ. ಸಹಿ ಹಾಕಿ" ಅಂದೆ.

ಅವಳು ನನ್ನ ಮುಖವನ್ನೇ ಒಂದು ನಿಮಿಷ ನೋಡಿ ಸಹಿ ಹಾಕಿದಳು. ಅವಳು ಹಾಕಿದ ಮೇಲೆ ಉಳಿದವರೂ ಹಾಕಿದರು. ನಾನು ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ.

ಮನೆಯಲ್ಲಿ ನನ್ನ ಹೆಂಡತಿ ಸುಮಾ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿದಳು. ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದಳು.

"ಅಲ್ಲಾ ರೀ, ಎಲ್ರ ಮುಂದೆ ನಮ್ಮ ಹರ್ಷಿಗೇ ರಕ್ತ ಕಡಿಮೆ ಅಂತ ಬಂದ್ರೆ?"

ಆ ಕ್ಷಣದಿಂದ ನನಗೆ ಕೂತರೆ ಕೂರಲಾಗಲಿಲ್ಲ, ನಿಂತರೆ ನಿಲ್ಲಲಾಗಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಅದೇ ಯೋಚನೆ, ಹಿರೇಹಳ್ಳಿಗೆ ಬೈಕ್ ಓಡಿಸುವಾಗ ಅದೇ ಯೋಚನೆ. ಒಳ್ಳೆ ಬೋಲ್ಟುಗಳನ್ನು ಕೆಟ್ಟದ್ದರ ಡಬ್ಬಕ್ಕೆ ಹಾಕಿ ಸೂಪರ್‌ವೈಸರಿಂದ ಬೈಸಿಕೊಂಡೆ. ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಹರ್ಷಿಯ ಕಣ್ಣಿನ ಕೆಳರೆಪ್ಪೆ ಎಳೆದು ಮೊಬೈಲ್ ಟಾರ್ಚು ಬಿಟ್ಟು ನೋಡಿದೆ. ಕೆಂಪಗಿದ್ದರೆ ರಕ್ತ ಚೆನ್ನಾಗಿದೆ ಅಂತ ಯೂಟ್ಯೂಬಿನಲ್ಲಿ ಒಬ್ಬ ಹೇಳಿದ್ದ. ಕೆಂಪಗೇನೋ ಇತ್ತು. ಆದರೆ ಮೊದಲೇ ಇತ್ತೋ, ನಾನು ಎಳೆದದ್ದಕ್ಕೆ ಆಯಿತೋ?

"ಅಪ್ಪಾ, ಬಿಡು! ದಿನಕ್ಕೆ ನಾಲ್ಕು ಸಲ ಎಳೀತಿಯಲ್ಲ!" ಅಂತ ಹರ್ಷಿ ಕಿರುಚಿದಳು.

ಆಗ ನನ್ನ ಕಾರ್ಖಾನೆಯ ಬುದ್ಧಿ ಕೆಲಸಕ್ಕೆ ಬಂತು. ನಮ್ಮಲ್ಲಿಗೆ ದೊಡ್ಡ ಗಿರಾಕಿಯ ಕಡೆಯವರು ತಪಾಸಣೆಗೆ ಬರುತ್ತಾರೆ ಅಂದರೆ ಒಂದು ವಾರ ಮುಂಚೆ ನೆಲಕ್ಕೆ ಬಣ್ಣ, ಮೆಷಿನ್ನಿಗೆ ಎಣ್ಣೆ, ನಮ್ಮ ತಲೆಗೆ ಹೊಸ ಟೋಪಿ. ಶಾಲೆಗೆ ಸಾಹೇಬರು ಬರುತ್ತಾರೆ ಅಂದರೆ ಕಾಂಪೌಂಡಿಗೆ ಸುಣ್ಣ. ಮಂತ್ರಿಗಳು ಬರುತ್ತಾರೆ ಅಂದರೆ ರಸ್ತೆ ಗುಂಡಿಗೆ ಜಲ್ಲಿ. ಮೊದಲು ಸುಣ್ಣ, ಆಮೇಲೆ ತಪಾಸಣೆ. ಇದು ನಮ್ಮ ನಾಡಿನ ಪದ್ಧತಿ. ನನ್ನ ಮಗಳ ವಿಷಯದಲ್ಲಿ ಮಾತ್ರ ಸುಣ್ಣವನ್ನು ಒಳಗಡೆ ಬಳಿಯಬೇಕಿತ್ತು. ಬಣ್ಣ ಕೆಂಪು.

ಮಾರ್ಕೆಟ್ಟಿಗೆ ಹೋಗಿ ಐದು ಕೆಜಿ ಬೀಟ್ರೂಟ್ ತಂದೆ.

"ಇಷ್ಟೊಂದಾ? ಮನೇಲಿ ಯಾರದಾದ್ರೂ ಮದ್ವೆ ಐತಾ?" ಅಂದಳು ಸುಮಾ.

"ಪರೀಕ್ಷೆ ಇದೆ" ಅಂದೆ ಗಂಭೀರವಾಗಿ. ಟೈಂ ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಬೆಳಗ್ಗೆ ಎದ್ದ ತಕ್ಷಣ ಬೀಟ್ರೂಟ್ ಜ್ಯೂಸು. ತಿಂಡಿಗೆ ಬೀಟ್ರೂಟ್ ದೋಸೆ. ಮಧ್ಯಾಹ್ನದ ಡಬ್ಬಿಗೆ ಬೀಟ್ರೂಟ್ ಪಲ್ಯ. ಸಂಜೆಗೆ ಬೀಟ್ರೂಟ್ ಹಲ್ವ. ಮುದ್ದೆಗೆ ಬೀಟ್ರೂಟ್ ಸಾರು. ಎರಡನೇ ದಿನವೇ ಸುಮಾ ಮುಷ್ಕರ ಹೂಡಿದಳು. ನಾನೇ ಸೌಟು ಹಿಡಿದೆ. ಬನೀನು, ಗೋಡೆ, ಗ್ಯಾಸ್ ಕಟ್ಟೆ ಎಲ್ಲ ಕೆಂಪಾದವು. ಹಾಲು ಹಾಕಲು ಬಂದವನು ನನ್ನ ಕೈ ನೋಡಿ ಪ್ಯಾಕೆಟ್ಟನ್ನು ಗೇಟಿನ ಹೊರಗೇ ಇಟ್ಟು ಹೋದ.

"ಅಪ್ಪಾ, ಅದು ಬ್ಲಡ್ ಟೆಸ್ಟು. ಎಕ್ಸಾಂ ಅಲ್ಲ" ಅಂತ ಹರ್ಷಿ ಅಳುಮುಖ ಮಾಡಿದಳು.

"ಟೆಸ್ಟು ಅಂದ್ರೆ ಏನಮ್ಮ ಅರ್ಥ? ಕುಡಿ!"

ಶುಕ್ರವಾರ ಸಂಜೆಯ ಹೊತ್ತಿಗೆ ಐದೂ ಕೆಜಿ ಮುಗಿದಿತ್ತು. ಸಿಲಬಸ್ ಸಂಪೂರ್ಣ!

ಶನಿವಾರ ಕೆಲಸಕ್ಕೆ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಸುಮಾಳನ್ನೂ ಹರ್ಷಿಯನ್ನೂ ಕರೆದುಕೊಂಡು ಶಾಲೆಗೆ ಹೋದೆ. ಜಗಲಿಯಲ್ಲಿ ಮೇಜು ಹಾಕಿದ್ದರು. ಒಬ್ಬರು ಡಾಕ್ಟರಮ್ಮ, ಇಬ್ಬರು ಸಿಸ್ಟರುಗಳು. ಕಿಟಕಿ, ಕಂಬ, ಮೆಟ್ಟಿಲು ಎಲ್ಲ ಕಡೆ ಪೋಷಕರು ನಿಂತಿದ್ದರು. ನಾನು ಅತ್ತಿಂದಿತ್ತ ಓಡಾಡಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಧೈರ್ಯ ಹೇಳುತ್ತಿದ್ದೆ.

ಹೇಳಿದ ಮಾತಿನಂತೆ ಹರ್ಷಿಯೇ ಮೊದಲು. ತೂಕ ಆಯಿತು. ಕಣ್ಣು, ಹಲ್ಲು ಆಯಿತು. ಸಿಸ್ಟರು ಒಂದು ಸಣ್ಣ ಪ್ಲಾಸ್ಟಿಕ್ ಬಾಟ್ಲಿ ಕೊಟ್ಟು ಟಾಯ್ಲೆಟ್ಟಿಗೆ ಕಳಿಸಿದರು. ಹರ್ಷಿ ಹೋದಳು, ಬಂದಳು, ಬಾಟ್ಲಿಯನ್ನು ಮೇಜಿನ ಮೇಲೆ ಇಟ್ಟಳು.

ಕೆಂಪು!

ಬಿಸಿಯೂಟದ ಅಡುಗೆಯಮ್ಮ ಅದೇ ಹೊತ್ತಿಗೆ ನೀರಿನ ಕ್ಯಾನು ಹೊತ್ತು ಬಂದಿದ್ದರು. "ಅಯ್ಯೋ ಶಿವನೇ! ಮಗೀಗೆ ರಕ್ತ ಹೋಗ್ತಾ ಐತೆ!" ಅಂತ ಕ್ಯಾನು ಕೆಳಗೆ ಬಿಟ್ಟರು.

ಇಂಥ ಹೊತ್ತಿನಲ್ಲಿ ಸಮಿತಿಯ ಅಧ್ಯಕ್ಷನಾದವನು ಏನು ಮಾಡಬೇಕು? ಶಾಂತವಾಗಿ ನಿಂತು ಪರಿಸ್ಥಿತಿಯನ್ನು ಅವಲೋಕಿಸಬೇಕು. ನಾನು ಏನು ಮಾಡಿದೆ? "ಆಂಬುಲೆನ್ಸ್! ಆಂಬುಲೆನ್ಸ್ ಕರೀರಿ! ನನ್ನ ಮಗೂಗೆ ಏನೋ ಆಯ್ತು!" ಅಂತ ಇಡೀ ಬಡಾವಣೆಗೆ ಕೇಳುವಂತೆ ಕೂಗಿದೆ. ಐದು ಕೆಜಿ ಬೀಟ್ರೂಟಿನಲ್ಲಿ ಒಂದು ಗ್ರಾಂ ಕೂಡ ಆಗ ನನ್ನ ನೆನಪಿಗೆ ಬರಲಿಲ್ಲ. ಮಗುವನ್ನು ಎತ್ತಿಕೊಂಡು ಮೆಟ್ಟಿಲ ಕಡೆ ಓಡಿದೆ. ಹನ್ನೆರಡು ವರ್ಷದ ಹುಡುಗಿಯನ್ನು ಎತ್ತಿ ಓಡಿ ಅಭ್ಯಾಸವಿಲ್ಲ. ಅಡುಗೆಯಮ್ಮನ ಕ್ಯಾನಿನ ನೀರಿನಲ್ಲಿ ಜಾರಿ ಅಲ್ಲೇ ಕೂತುಬಿಟ್ಟೆ.

ಜನಕ್ಕೆ ಇನ್ನೇನು ಬೇಕು? ಅಧ್ಯಕ್ಷನೇ ಹಾಗೆ ಕೂಗಿದ ಮೇಲೆ! ಜಗಲಿಯ ಆ ತುದಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಹರ್ಷಿಯ ಕಿಡ್ನಿ ಹೋಗಿತ್ತು. ಗೇಟಿಗೆ ಮುಟ್ಟುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟದ್ದರಿಂದ ಹೀಗಾಯಿತು ಅಂತ ಆಗಿತ್ತು. ಇಂಜೆಕ್ಷನ್ನು ಬಿಡಿ, ಸಿಸ್ಟರು ಇನ್ನೂ ಹತ್ತಿಯನ್ನೇ ಕೈಗೆ ತೆಗೆದುಕೊಂಡಿರಲಿಲ್ಲ. ಅಪ್ಪಂದಿರು ಅಮ್ಮಂದಿರು ಸಾಲಿನಲ್ಲಿದ್ದ ಮಕ್ಕಳನ್ನು ಎಳೆದುಕೊಂಡು ಹೊರಟರು. ಭಾಗ್ಯಕ್ಕ ಪವಿಯ ರಟ್ಟೆ ಹಿಡಿದು ನನ್ನ ಪಕ್ಕದಲ್ಲೇ ದಾಟಿ ಹೋದಳು. ನನ್ನ ಕಡೆ ನೋಡಲೂ ಇಲ್ಲ.

ಡಾಕ್ಟರಮ್ಮ ಮಾತ್ರ ಕುರ್ಚಿಯಿಂದ ಎದ್ದಿರಲಿಲ್ಲ. ಹರ್ಷಿಯನ್ನು ಹತ್ತಿರ ಕರೆದು ಕೇಳಿದರು.

"ನೋವಿದೆಯಾ ಪುಟ್ಟ? ಉರಿ?"

"ಇಲ್ಲ ಮಿಸ್."

"ನಿನ್ನೆ ಏನೇನ್ ತಿಂದೆ?"

ಹರ್ಷಿ ಕೈ ಕಟ್ಟಿ ನಿಂತು, ಮಗ್ಗಿ ಒಪ್ಪಿಸುವ ಹಾಗೆ ಫ್ರಿಜ್ಜಿನ ಟೈಂ ಟೇಬಲನ್ನು ಪೂರ್ತಿ ಒಪ್ಪಿಸಿದಳು. ಜ್ಯೂಸಿನಿಂದ ಸಾರಿನವರೆಗೆ. ಒಂದನ್ನೂ ಬಿಡಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. "ಸಾರ್, ಎದ್ದೇಳಿ. ಇದು ನಿಮ್ಮ ಮಗಳ ರಕ್ತ ಅಲ್ಲ. ನಿಮ್ಮ ಪಲ್ಯ."

ಸುಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಕೇಳುವ ಧೈರ್ಯ ನನಗಾಗಲಿಲ್ಲ.

"ಬೀಟ್ರೂಟ್ ಕೆಂಪಗಿದೆ ಅಂತ ಒಳಗೆ ಹೋಗಿ ರಕ್ತ ಆಗಲ್ಲ ಸಾರ್. ಕೆಲವರಿಗೆ ಹಿಂಗೆ ಹೊರಗೆ ಬರುತ್ತೆ, ಅಷ್ಟೆ. ಈಗ ನೀವು ಹೋಗಿ ಆ ಜನಾನ ವಾಪಸ್ ಕರ್ಕೊಂಡ್ ಬನ್ನಿ. ಓಡಿಸಿದೋರು ನೀವೇ ಅಲ್ವಾ?"

ಒದ್ದೆ ಪ್ಯಾಂಟಿನಲ್ಲೇ ಗೇಟಿಗೆ ಹೋದೆ. ಹೋಗುವ ದಾರಿಯಲ್ಲಿ ನನ್ನ ಮಾನ ಉಳಿಸಿಕೊಳ್ಳಲು ಎರಡು ಸುಳ್ಳು ತಯಾರು ಮಾಡಿಕೊಂಡೆ. ಬಾಟ್ಲಿ ಸರಿಯಾಗಿ ತೊಳೆದಿರಲಿಲ್ಲ ಅನ್ನೋಣವೇ? ಆಹಾರದಲ್ಲಿ ಏನೋ ಸ್ವಲ್ಪ ವ್ಯತ್ಯಾಸ ಅನ್ನೋಣವೇ? ಗೇಟಿನ ಹತ್ತಿರ ಜನ ಗುಂಪಾಗಿ ನಿಂತಿದ್ದರು. "ಏನೂ ಇಲ್ಲ, ಎಲ್ಲ ಬನ್ನಿ, ಬಾಟ್ಲಿ..." ಅಂತ ಶುರು ಮಾಡಿದೆ.

"ನಿಮ್ಮ ಮಾತು ಸಾಕು ಬುಡಣ್ಣ" ಅಂದಳು ಭಾಗ್ಯಕ್ಕ.

ಅವಳ ಹಿಂದೆ, ಗೇಟಿನ ಪಕ್ಕದ ಕಲ್ಲಿನ ಮೇಲೆ ಪವಿ ಕೂತಿದ್ದಳು. ಜಗಲಿಯಿಂದ ಗೇಟಿಗೆ ಎಷ್ಟು ದೂರ? ನೂರು ಹೆಜ್ಜೆಯೂ ಇಲ್ಲ. ಅಷ್ಟಕ್ಕೇ ಆ ಹುಡುಗಿ ಬಾಯಿ ತೆರೆದು ಉಸಿರಾಡುತ್ತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಈ ಮಗು ಇವತ್ತು ಈ ಗೇಟು ದಾಟಿದರೆ ಮತ್ತೆ ಯಾವ ಡಾಕ್ಟರ ಮುಂದೆಯೂ ಕೂರುವುದಿಲ್ಲ, ಅದಕ್ಕೆ ಕಾರಣ ನಾನೇ ಆಗುತ್ತೇನೆ ಅನ್ನಿಸಿತು. ತಯಾರು ಮಾಡಿಕೊಂಡ ಎರಡು ಸುಳ್ಳನ್ನೂ ಅಲ್ಲೇ ಕೈಬಿಟ್ಟೆ.

"ಬೀಟ್ರೂಟ್!" ಅಂತ ಕೂಗಿದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ನನ್ನ ಮಗಳು ಟೆಸ್ಟಲ್ಲಿ ಪಾಸಾಗ್ಲಿ ಅಂತ ವಾರ ಪೂರ್ತಿ ಬೀಟ್ರೂಟ್ ತಿನ್ನಿಸ್ದೆ. ಐದು ಕೆಜಿ. ಎಲ್ರ ಮುಂದೆ ಕಡಿಮೆ ಬಂದ್ರೆ ಮರ್ಯಾದೆ ಹೋಗುತ್ತೆ ಅಂತ. ಬಾಟ್ಲೀಲಿ ಬಂದಿದ್ದು ಅದೇ. ರಕ್ತ ಅಲ್ಲ. ಯಾರೂ ಇಂಜೆಕ್ಷನ್ ಕೊಟ್ಟಿಲ್ಲ."

ಮೊದಲು ಒಬ್ಬರು ನಕ್ಕರು. ಆಮೇಲೆ ಗುಂಪೇ ನಕ್ಕಿತು. ಒಬ್ಬರಂತೂ ಸ್ಕೂಟರು ಹಿಡಿದುಕೊಂಡು ನಕ್ಕರು. ಭಾಗ್ಯಕ್ಕ ನಗಲಿಲ್ಲ.

"ಅಂದ್ರೆ, ನೀವೂ ಹೆದ್ರಿದ್ರಾ?" ಅಂದಳು.

"ಹೌದು ಭಾಗ್ಯಕ್ಕ. ನಿಮಗಿಂತ ಜಾಸ್ತಿ. ಭಾಷಣ ಮಾಡಿದ ದಿನದಿಂದ ಕೂತಲ್ಲಿ ಕೂತಿಲ್ಲ."

"ಇದನ್ನ ಮೊದ್ಲೇ ಹೇಳ್ಬಾರ್ದಾ? ನಾನೊಬ್ಳೇ ಪುಕ್ಲಿ ಅನ್ಕೊಂಡಿದ್ದೆ" ಅಂದವಳೇ ಪವಿಯನ್ನು ಎಬ್ಬಿಸಿ, ನಿಧಾನವಾಗಿ ನಡೆಸಿಕೊಂಡು ಒಳಗೆ ಹೋದಳು. ಉಳಿದವರೂ ಹಿಂದೆ ಹೋದರು. ಬೋಲ್ಟಿನ ಉದಾಹರಣೆ ಕೊಟ್ಟು ಅರ್ಧ ಗಂಟೆ ಮಾತಾಡಿದ್ದೆನಲ್ಲ, ಅದರಲ್ಲಿ ಒಂದು ಅಕ್ಷರವೂ ಅವಳನ್ನು ಒಳಗೆ ಕರೆದೊಯ್ಯಲಿಲ್ಲ.

ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು.

ಬೆರಳು ಚುಚ್ಚಿದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಹರ್ಷಿಗೆ ಹತ್ತೂವರೆ. ಐದು ಕೆಜಿ ತಿಂದೂ ಕಡಿಮೆ! ಪವಿಗೆ ಎಂಟಕ್ಕೂ ಕೆಳಗೆ. ಡಾಕ್ಟರಮ್ಮನ ಮುಖ ಗಂಭೀರವಾಯಿತು. ಜಿಲ್ಲಾಸ್ಪತ್ರೆಗೆ ಚೀಟಿ ಬರೆಯುತ್ತಾ ಕೇಳಿದರು.

"ಇದು ವಾಸಿ ಆಗೋದೇ ಅಮ್ಮ, ಹೆದರ್ಬೇಡಿ. ಆದ್ರೆ ಸೋಮವಾರನೇ ಹೋಗ್ಬೇಕು. ಅಲ್ಲ, ಗುರುವಾರ ಗುರುವಾರ ಶಾಲೇಲಿ ಕಬ್ಬಿಣಾಂಶದ ಮಾತ್ರೆ ಕೊಡ್ತಾರಲ್ಲ, ಇಬ್ರೂ ನುಂಗ್ತಿಲ್ವಾ?"

ಹರ್ಷಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಭಾರತದ ಭೂಪಟ ನೋಡಿದೆ.

"ಒಂದ್ಸಲ ಹೊಟ್ಟೆ ತೊಳಸಿತ್ತು ಮಿಸ್. ಮಾತ್ರೆ ಉಷ್ಣ, ಬಾಯಲ್ಲಿ ಇಟ್ಕೊಂಡಿದ್ದು ಟೀಚರ್ ಆ ಕಡೆ ತಿರುಗಿದಾಗ ಉಗಿದ್ಬಿಡು ಅಂತ ಅಪ್ಪ ಹೇಳಿದ್ರು."

ಹೇಳಿದ್ದು ನಿಜ. ಜೂನ್ ತಿಂಗಳಲ್ಲಿ, ಟಿ.ವಿ. ನೋಡುತ್ತಾ, ಒಂದು ಕ್ಷಣವೂ ಯೋಚಿಸದೆ ಹೇಳಿದ್ದೆ. ಹೇಳಿದ್ದು ಮರೆತೂ ಹೋಗಿತ್ತು.

"ನೀನು?" ಅಂತ ಡಾಕ್ಟರಮ್ಮ ಪವಿಯನ್ನು ಕೇಳಿದರು.

ಪವಿ ತಲೆ ತಗ್ಗಿಸಿ ಹೇಳಿದಳು. "ನಾನೂ ಉಗೀತಿದ್ದೆ. ಹರ್ಷಿ ಅವ್ರಪ್ಪ ಹೇಳವ್ರೆ ಅಂತ."

ಜಗಲಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು. ನನಗೆ ಆವತ್ತು ಆದಷ್ಟು ನಾಚಿಕೆ ಜೀವಮಾನದಲ್ಲಿ ಆಗಿಲ್ಲ. ಭಾಗ್ಯಕ್ಕ ಚೀಟಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತಲೇ ನಿಂತಿದ್ದೆ.

"ನಿಮ್ಮ ಮಾತು ಎಲ್ಲಿ ತಂಕ ಹೋಗ್ತದೆ ಅಂತ ನಿಮ್ಗೇ ಗೊತ್ತಿಲ್ಲ ಕಣಣ್ಣ" ಅಂದಳು. ಅಷ್ಟೇ.

ಸೋಮವಾರ ಮತ್ತೆ ರಜೆ ಹಾಕಿದೆ. ಜಿಲ್ಲಾಸ್ಪತ್ರೆಯ ಸಾಲಿನಲ್ಲಿ ಭಾಗ್ಯಕ್ಕ ಪವಿಯನ್ನು ತೊಡೆಗೆ ಒರಗಿಸಿಕೊಂಡು ಕೂತಿದ್ದಳು, ನಾನು ಅವರ ಮುಂದೆ ಶತಪಥ ತಿರುಗುತ್ತಿದ್ದೆ. "ಒಂದ್ಕಡೆ ಕುಂತ್ಕಳ್ಳಿ ಅಣ್ಣ, ನಂಗೆ ತಲೆ ಸುತ್ತು ಬರ್ತೈತೆ" ಅಂತ ಅವಳು ಎರಡು ಸಲ ಹೇಳಿದ ಮೇಲೆ ಕೂತೆ. ಮಾತ್ರೆ ಕೊಟ್ಟರು, ಜಂತುಹುಳಕ್ಕೂ ಔಷಧಿ ಕೊಟ್ಟರು, ಮತ್ತೆ ಬರಲು ಹೇಳಿದರು. ನಾಲ್ಕು ಸಲ ಹೋಗಿ ಬಂದೆವು. ಈಗ ಪವಿ ಶಾಲೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಾಳೆ. ಎರಡೆರಡು ಮೆಟ್ಟಿಲು ಹಾರಬೇಡ ಅಂತ ಭಾಗ್ಯಕ್ಕ ಕೆಳಗೆ ನಿಂತು ಬೈಯುತ್ತಾಳೆ. ಆ ಬೈಗುಳ ಕೇಳಿದರೆ ನನಗೆ ಎಷ್ಟು ಸಮಾಧಾನ ಅಂತ ಯಾರಿಗೂ ಹೇಳಿಲ್ಲ.

ಮೊನ್ನೆ ಮತ್ತೆ ಆರೋಗ್ಯ ತಪಾಸಣೆಯ ಸಭೆ ಇತ್ತು. ಭಾಷಣಕ್ಕೆ ನಾಲ್ಕು ಅಂಶ ಬರೆದುಕೊಂಡು ಹೆಡ್ ಮೇಡಂ ಹತ್ತಿರ ಹೋದೆ.

"ಬೇಡ ಸಾರ್, ಭಾಗ್ಯಮ್ಮ ಮಾತಾಡ್ತಾರೆ. ನೀವು ಸ್ವಲ್ಪ ಕುರ್ಚಿ ಹಾಕಿಸಿ" ಅಂದರು.

ಕುರ್ಚಿ ಹಾಕಿದೆ. ಭಾಗ್ಯಕ್ಕ ನಿಂತು ಐದೇ ವಾಕ್ಯ ಮಾತಾಡಿದಳು. "ನಂಗೂ ಹೆದ್ರಿಕೆ ಇತ್ತು. ಮಾಡಿಸ್ದೆ. ನನ್ ಮಗ್ಳು ಉಸಿರಾಡ್ತಾವ್ಳೆ. ನೀವೂ ಮಾಡ್ಸಿ. ಮಾಡ್ಸೋಕೆ ಮುಂಚೆ ಇವ್ರಂಗೆ ಏನೂ ಮಾಡ್ಬೇಡಿ" ಅಂತ ನನ್ನ ಕಡೆ ಕೈ ತೋರಿಸಿದಳು. ಎಲ್ಲರೂ ತಿರುಗಿ ನೋಡಿದರು. ಒಪ್ಪಿಗೆ ಪತ್ರಗಳು ಅಲ್ಲೇ ತುಂಬಿದವು.

ಸಭೆ ಮುಗಿದ ಮೇಲೆ, ಹೊಸದಾಗಿ ಕೋರ ಎಂಬ ಊರಿಂದ ಬಂದು ಮಗನನ್ನು ಸೇರಿಸಿದ್ದ ಒಬ್ಬರು, ಕುರ್ಚಿ ಮಡಿಸುತ್ತಿದ್ದ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಸಾರ್, ಟೆಸ್ಟಿಗೆ ಮುಂಚೆ ಮಗೂಗೆ ಏನು ಕೊಟ್ರೆ ಒಳ್ಳೇದು? ನಿಮಗೆ ಅನುಭವ ಐತಂತಲ್ಲ."

"ಗುರುವಾರದ ಮಾತ್ರೆ ಕೊಡಿ. ಉಗಿಯೋಕೆ ಬಿಡ್ಬೇಡಿ" ಅಂದೆ.

ಅಧ್ಯಕ್ಷನಾಗಿ ನಾನು ಮಾಡಿದ ಅತ್ಯಂತ ಚಿಕ್ಕ ಭಾಷಣ ಅದು. ಉಪಯೋಗಕ್ಕೆ ಬಂದದ್ದೂ ಅದೊಂದೇ ಇರಬೇಕು.